ಮೆಟಾಮಾಡೆಲ್ ಬದಲಾಯಿತು, ಹಳೇ ಮಾಡೆಲ್‌ಗಳು ತೆರೆಯುತ್ತಿಲ್ಲ. ಫೈಂಡ್ ಅಂಡ್ ರಿಪ್ಲೇಸ್ ಸಾಕಾ?

ಹಳೇಫೈಲು

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಸ್ವಲ್ಪ ಉದ್ದ ಇದೆ, ಸಹಿಸಿಕೊಳ್ಳಿ.

ನಮ್ಮ ತಂಡ ಇಎಂಎಫ್ (ಎಕ್ಲಿಪ್ಸ್‌ನ ಮಾಡೆಲಿಂಗ್ ಚೌಕಟ್ಟು) ಮೇಲೆ ಒಂದು ಚಿಕ್ಕ ಮಾಡೆಲಿಂಗ್ ಟೂಲ್ ಕಟ್ಟಿಕೊಂಡಿದೆ. ಯಂತ್ರಗಳ ಕಂಟ್ರೋಲರ್‌ಗೆ ಬೇಕಾದ ಸ್ಟೇಟ್ ಮೆಷಿನ್‌ಗಳನ್ನು, ಅಂದರೆ ಯಂತ್ರ ಯಾವ ಸ್ಥಿತಿಯಿಂದ (ಸ್ಟೇಟ್) ಯಾವ ಸ್ಥಿತಿಗೆ ಯಾವಾಗ ಹೋಗಬೇಕು (ಟ್ರಾನ್ಸಿಷನ್) ಅನ್ನುವುದನ್ನು, ಅದರಲ್ಲಿ ಬರೆಯುತ್ತೇವೆ, ಅದರಿಂದ ಸಿ ಕೋಡ್ ಹೊರಬರುತ್ತದೆ. ನಾಲ್ಕು ವರ್ಷ ಆರಾಮಾಗಿ ನಡೆಯಿತು. ಈಗ ಮೆಟಾಮಾಡೆಲ್ (ಮಾಡೆಲ್‌ನಲ್ಲಿ ಏನೇನು ಇರಬಹುದು ಅಂತ ಹೇಳುವ ವ್ಯಾಕರಣ) ಬದಲಾಯಿಸಿದ್ದೇವೆ. ಹಳೇ ಮಾಡೆಲ್ ಫೈಲುಗಳು 600ಕ್ಕೂ ಜಾಸ್ತಿ ಇವೆ, ಹೊಸ ಟೂಲ್‌ನಲ್ಲಿ ಒಂದೂ ತೆರೆಯುತ್ತಿಲ್ಲ. ‘ಲೇಬಲ್’ ಅನ್ನುವ ಫೀಚರ್ ಸಿಗಲಿಲ್ಲ ಅಂತ ಎರರ್ ಕೊಟ್ಟು ಕೂತುಬಿಡುತ್ತದೆ.

ಬದಲಾಗಿದ್ದು ಇಷ್ಟು. ಸ್ಟೇಟ್‌ಗೆ ಇದ್ದ ‘ಲೇಬಲ್’ ಈಗ ‘ನೇಮ್’ ಆಗಿದೆ. ಟ್ರಾನ್ಸಿಷನ್‌ನ ‘ಟ್ರಿಗರ್’ ಮೊದಲು ಬರೀ ಸ್ಟ್ರಿಂಗ್ ಆಗಿತ್ತು. ಈಗ ‘ಈವೆಂಟ್’ ಅಂತ ಬೇರೆ ಕ್ಲಾಸ್ ಮಾಡಿ ಅದಕ್ಕೆ ರೆಫರೆನ್ಸ್ ಕೊಟ್ಟಿದ್ದೇವೆ. ಇನ್ನೊಂದು, ಪ್ರತಿ ಟ್ರಾನ್ಸಿಷನ್‌ಗೂ ‘ಟೈಮ್‌ಔಟ್’ ಕಡ್ಡಾಯ ಆಗಿದೆ. ಹಳೇ ಮಾಡೆಲ್‌ಗಳಲ್ಲಿ ಅದು ಇರಲೇ ಇಲ್ಲ.

ಫೈಲುಗಳೆಲ್ಲ ಎಕ್ಸ್‌ಎಂಐ (ಮಾಡೆಲ್ ಬರೆದಿಡುವ ಎಕ್ಸ್‌ಎಂಎಲ್ ರೂಪ), ಅಂದರೆ ಕೊನೆಗೆ ಟೆಕ್ಸ್ಟೇ ಅಲ್ವಾ? ಒಂದು ಸ್ಕ್ರಿಪ್ಟ್ ಬರೆದು ಲೇಬಲ್ ಇದ್ದಲ್ಲೆಲ್ಲ ನೇಮ್ ಅಂತ ಹಾಕಿದರೆ ಅರ್ಧ ಕೆಲಸ ಮುಗಿಯುತ್ತದೆ ಅನ್ನುವುದು ನನ್ನ ಲೆಕ್ಕ. ಉಳಿದಿದ್ದನ್ನು ಹೇಗೋ ನೋಡಿಕೊಳ್ಳಬಹುದು. ಇದರಲ್ಲಿ ಹಳ್ಳ ಎಲ್ಲಿದೆ ಹೇಳಿ.

ಕೊಂಡಿತಪ್ಪಿತು

ಮಾಡಬೇಡಿ. ನಾನು ಮಾಡಿ ಅನುಭವಿಸಿದ್ದೇನೆ.

ಮೊದಲನೇ ಹಳ್ಳ ಸಣ್ಣದು. ‘ಲೇಬಲ್’ ಅನ್ನುವ ಪದ ಬರೀ ಆಟ್ರಿಬ್ಯೂಟ್ ಹೆಸರಾಗಿ ಇರುವುದಿಲ್ಲ. ಯಾರೋ ಕಾಮೆಂಟ್‌ನಲ್ಲಿ ಬರೆದಿರುತ್ತಾರೆ, ಇನ್ಯಾರೋ ಒಂದು ಸ್ಟೇಟ್‌ಗೇ ‘ಲೇಬಲ್ ಪ್ರಿಂಟರ್’ ಅಂತ ಹೆಸರಿಟ್ಟಿರುತ್ತಾರೆ. ಸ್ಕ್ರಿಪ್ಟ್ ಅದನ್ನೂ ಬಿಡುವುದಿಲ್ಲ.

ಎರಡನೆಯದು ದೊಡ್ಡದು. ನಿಮ್ಮ ಫೈಲುಗಳಲ್ಲಿ ಎಕ್ಸ್‌ಎಂಐ ಐಡಿ ಇದೆಯಾ? ಇಲ್ಲದಿದ್ದರೆ ಇಎಂಎಫ್ ಒಂದು ಎಲಿಮೆಂಟ್ ಅನ್ನು ಅದು ಇರುವ ಜಾಗದಿಂದಲೇ ಗುರುತಿಸುತ್ತದೆ. ಈ ಟ್ರಾನ್ಸಿಷನ್ ಎಲ್ಲಿಗೆ ಹೋಗುತ್ತದೆ ಅಂದರೆ ‘ಸ್ಟೇಟ್ಸ್ ಪಟ್ಟಿಯಲ್ಲಿ 2ನೇ ಕ್ರಮಾಂಕದ್ದಕ್ಕೆ’ ಅಂತ ಬರೆದಿಟ್ಟಿರುತ್ತದೆ. ಎಣಿಕೆ ಸೊನ್ನೆಯಿಂದ, ಹಾಗಾಗಿ ಅದು ಮೂರನೇ ಸ್ಟೇಟ್. ಮೈಗ್ರೇಶನ್‌ನಲ್ಲಿ (ಹಳೇ ಮಾಡೆಲ್ ಅನ್ನು ಹೊಸ ಮೆಟಾಮಾಡೆಲ್‌ಗೆ ತರುವಾಗ) ಆ ಪಟ್ಟಿಯ ಮೊದಲಿಗೆ ಏನನ್ನಾದರೂ ಸೇರಿಸಿದಿರಾ, ಎಲ್ಲ ಬಾಣಗಳೂ ಒಂದೊಂದು ಮನೆ ಪಕ್ಕಕ್ಕೆ ಸರಿಯುತ್ತವೆ. ಎರರ್ ಬರುವುದಿಲ್ಲ, ಯಾಕೆಂದರೆ ಆ ಜಾಗದಲ್ಲೂ ಒಂದು ಸ್ಟೇಟ್ ಇರುತ್ತದಲ್ಲ!

ಡಯಾಗ್ರಾಂ ಫೈಲು ಬೇರೆ ಇದ್ದರೆ ಅದನ್ನೂ ಮರೆಯಬೇಡಿ. ಅದು ಮಾಡೆಲ್ ಫೈಲಿಗೆ ಇದೇ ಥರ ಕೊಂಡಿ ಹಾಕಿಕೊಂಡಿರುತ್ತದೆ. ನನ್ನದು ತಪ್ಪಿದ್ದು ಅಲ್ಲೇ. ಮಾಡೆಲ್ ಸರಿ ಇತ್ತು, ಚಿತ್ರದಲ್ಲಿ ಪೆಟ್ಟಿಗೆಗಳ ಹೆಸರು ಮಾತ್ರ ಅದಲುಬದಲು. ಎರಡು ದಿನ ಜನ ಅದನ್ನೇ ನಂಬಿ ರಿವ್ಯೂ ಮಾಡಿದರು.

ಮೂರನೇಪದರ

ಟೂಲ್‌ಗಳ ಬಗ್ಗೆ ಹೇಳುವ ಮೊದಲು ಬದಲಾವಣೆಗಳನ್ನು ಮೂರು ಗುಂಪು ಮಾಡಿಕೊಳ್ಳಿ. ಈ ಕ್ಷೇತ್ರದವರು ಮಾಡುವುದೂ ಅದನ್ನೇ. ಹಳೇ ಮಾಡೆಲ್‌ಗೆ ಏನೂ ಆಗದ ಬದಲಾವಣೆ ಒಂದು ಗುಂಪು. ಮಾಡೆಲ್ ಒಡೆಯುತ್ತದೆ, ಆದರೆ ಪ್ರೋಗ್ರಾಂ ತಾನೇ ಸರಿಮಾಡಬಹುದು ಅನ್ನುವುದು ಇನ್ನೊಂದು. ಮೂರನೆಯದರಲ್ಲಿ ಮಾಡೆಲ್ ಒಡೆದೂ ಇರುತ್ತದೆ, ಸರಿಮಾಡಲು ಬೇಕಾದ ಮಾಹಿತಿ ಹಳೇ ಫೈಲಿನಲ್ಲಿ ಇರುವುದೂ ಇಲ್ಲ.

ನಿಮ್ಮ ಲೇಬಲ್ ಎರಡನೇ ಗುಂಪು. ಟ್ರಿಗರ್ ಕೂಡ ಎರಡನೆಯದೇ, ಸ್ವಲ್ಪ ಬುದ್ಧಿ ಬೇಕು ಅಷ್ಟೇ. ಟೈಮ್‌ಔಟ್ ಮಾತ್ರ ಮೂರನೇ ಗುಂಪು. ಯಾವ ಟೂಲ್ ತಂದರೂ ಆ ನಂಬರ್ ಎಲ್ಲಿಂದ ತರುತ್ತದೆ? ಅದು ಮನುಷ್ಯರು ಹೇಳಬೇಕಾದ ಮಾತು.

ಈಗ ಟೂಲ್. ಎಪ್ಸಿಲಾನ್ ಅನ್ನುವ, ಮಾಡೆಲ್ ನಿಭಾಯಿಸುವ ಭಾಷೆಗಳ ಕುಟುಂಬದಲ್ಲಿ ಫ್ಲಾಕ್ ಅಂತ ಒಂದು ಭಾಷೆ ಇದೆ, ಮೈಗ್ರೇಶನ್‌ಗೇ ಅಂತ ಮಾಡಿದ್ದು. ಹೊಸ ಮೆಟಾಮಾಡೆಲ್‌ಗೂ ಹೊಂದುವುದನ್ನೆಲ್ಲ ಅದೇ ನಕಲು ಮಾಡಿಕೊಳ್ಳುತ್ತದೆ. ಬದಲಾದ ಭಾಗಕ್ಕೆ ಮಾತ್ರ ನಾವು ರೂಲ್ ಬರೆದರೆ ಸಾಕು. 40 ಕ್ಲಾಸ್‌ಗಳಲ್ಲಿ 3 ಬದಲಾಗಿದ್ದರೆ ಮೂರಕ್ಕೇ ರೂಲ್. ಇದನ್ನೇ ಎಟಿಎಲ್ ಥರದ ಸಾಮಾನ್ಯ ಟ್ರಾನ್ಸ್‌ಫರ್ಮೇಶನ್ ಭಾಷೆಯಲ್ಲಿ ಮಾಡಹೋದರೆ ಬದಲಾಗದ 37 ಕ್ಲಾಸ್‌ಗಳನ್ನೂ ‘ಇದ್ದ ಹಾಗೇ ನಕಲು ಮಾಡು’ ಅಂತ ಹೇಳುತ್ತಾ ಕೂರಬೇಕಾಗುತ್ತದೆ. ಬೇಜಾರಿನ ಕೆಲಸ.

ಆದರೆ ಫ್ಲಾಕ್‌ನ ಒಂದು ಗುಣ ಗೊತ್ತಿರಲಿ. ಹೊಂದದ ವ್ಯಾಲ್ಯೂ ಸಿಕ್ಕರೆ ಅದನ್ನು ಬಿಟ್ಟು ಸುಮ್ನೆ ಮುಂದೆ ಹೋಗುತ್ತದೆ. ಲೇಬಲ್‌ಗೆ ರೂಲ್ ಬರೆಯಲು ಮರೆತರೆ ಕೂಗುವುದಿಲ್ಲ, 600 ಫೈಲುಗಳಲ್ಲಿ ಹೆಸರಿಲ್ಲದ ಸ್ಟೇಟ್‌ಗಳು ಸಿಗುತ್ತವೆ.

ಇನ್ನೊಂದು ಟೂಲ್ ಎಡಾಪ್ಟ್, ಅದರ ದಾರಿ ಬೇರೆ. ಅದು ಮೊದಲು ಕೋಪ್ ಅನ್ನುವ ಹೆಸರಲ್ಲಿ ಮ್ಯೂನಿಕ್‌ನ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಹುಟ್ಟಿ ಆಮೇಲೆ ಎಕ್ಲಿಪ್ಸ್‌ಗೆ ಬಂದದ್ದು. ಅದರಲ್ಲಿ ಮೆಟಾಮಾಡೆಲ್ ಅನ್ನು ಕೈಯಿಂದ ತಿದ್ದುವುದಿಲ್ಲ. ‘ಹೆಸರು ಬದಲಿಸು’, ‘ಇದನ್ನು ಬೇರೆ ಕ್ಲಾಸ್ ಮಾಡು’ ಅಂತ ಆಪರೇಶನ್ ಕೊಡುತ್ತೇವೆ. ಅದು ಮೆಟಾಮಾಡೆಲ್ ಅನ್ನೂ ಬದಲಿಸಿ, ಮಾಡೆಲ್‌ಗೆ ಏನು ಮಾಡಬೇಕು ಅನ್ನುವುದನ್ನೂ ಹಿಸ್ಟರಿ ಫೈಲಿನಲ್ಲಿ ಬರೆದುಕೊಳ್ಳುತ್ತದೆ. ಮೊದಲ ದಿನದಿಂದ ಹೀಗೆ ಮಾಡಿದ್ದರೆ ಸ್ವರ್ಗ. ನೀವು ಮಾಡಿಲ್ಲ ಅಂತ ಪ್ರಶ್ನೆ ನೋಡಿದರೇ ಗೊತ್ತಾಗುತ್ತದೆ :)

ಒಂದು ಪ್ರಶ್ನೆ. ವರ್ಷನ್ ಬದಲಾದಾಗ ಎನ್‌ಎಸ್ ಯುಆರ್‌ಐ (ಮೆಟಾಮಾಡೆಲ್‌ನ ಗುರುತಿನ ವಿಳಾಸ) ಬದಲಿಸಿದ್ದೀರಾ?

ಹೊಸಬ2

ನಡುವೆ ಬಾಯಿ ಹಾಕುತ್ತಿದ್ದೇನೆ. ನಾನು ಡೇಟಾಬೇಸ್ ಕಡೆಯವನು. ನಮ್ಮಲ್ಲಿ ಕಾಲಂ ಹೆಸರು ಬದಲಾದರೆ ಫ್ಲೈವೇ ಅಥವಾ ಲಿಕ್ವಿಬೇಸ್‌ನಲ್ಲಿ ಒಂದು ಸ್ಕ್ರಿಪ್ಟ್ ಬರೆದು ಓಡಿಸುತ್ತೇವೆ, ಕಥೆ ಮುಗಿಯಿತು. ಇಲ್ಲಿ ಯಾಕಿಷ್ಟು ಗಲಾಟೆ?

ಮೂರನೇಪದರ

ಡೇಟಾಬೇಸ್ ಒಂದೇ ಕಡೆ ಇರುತ್ತದೆ, ಬೀಗ ನಿಮ್ಮ ಕೈಯಲ್ಲಿರುತ್ತದೆ. ರಾತ್ರಿ ಬಾಗಿಲು ಹಾಕಿ, ಸ್ಕ್ರಿಪ್ಟ್ ಓಡಿಸಿ, ಬೆಳಿಗ್ಗೆ ತೆಗೆಯಬಹುದು. ಮಾಡೆಲ್ ಫೈಲುಗಳು ಹಾಗಲ್ಲ. ಗಿಟ್‌ನ ಯಾವುದೋ ಬ್ರಾಂಚ್‌ನಲ್ಲಿ, ಯಾರದೋ ಲ್ಯಾಪ್‌ಟಾಪ್‌ನಲ್ಲಿ, ಎರಡು ವರ್ಷ ಹಿಂದಿನ ಮೇಲ್‌ನ ಅಟ್ಯಾಚ್‌ಮೆಂಟ್‌ನಲ್ಲಿ ಬಿದ್ದಿರುತ್ತವೆ. ಮೆಟಾಮಾಡೆಲ್ ಬರೆದವರಿಗೆ ತಮ್ಮ ಎಲ್ಲ ಮಾಡೆಲ್‌ಗಳೂ ಎಲ್ಲಿವೆ ಅಂತ ಗೊತ್ತೇ ಇರುವುದಿಲ್ಲ. ಹಾಗಾಗಿ ಮೈಗ್ರೇಶನ್ ‘ಒಮ್ಮೆ ಓಡಿಸಿ ಬಿಸಾಡುವ’ ಸ್ಕ್ರಿಪ್ಟ್ ಆಗಲು ಆಗುವುದಿಲ್ಲ. ಅದು ಟೂಲ್ ಒಳಗೇ ಇರಬೇಕು, ಫೈಲ್ ತೆರೆದಾಗ ‘ಇದು ಹಳೇದು’ ಅಂತ ಗುರುತು ಹಿಡಿಯಬೇಕು. ಜೆಟ್‌ಬ್ರೈನ್ಸ್‌ನ ಎಂಪಿಎಸ್‌ನಲ್ಲಿ ಇದು ಚೆನ್ನಾಗಿದೆ. ಭಾಷೆಗೇ ವರ್ಷನ್ ನಂಬರ್ ಇರುತ್ತದೆ, ಮೈಗ್ರೇಶನ್ ಸ್ಕ್ರಿಪ್ಟ್ ಭಾಷೆಯ ಜೊತೆಗೇ ಬರುತ್ತದೆ. ಹಳೇ ಪ್ರಾಜೆಕ್ಟ್ ತೆರೆದರೆ ಮೈಗ್ರೇಶನ್ ಮಾಡೋಣವಾ ಅಂತ ಅದೇ ಕೇಳುತ್ತದೆ.

ಬ್ರಾಂಚ್ ವಿಷಯ ಬಂತಲ್ಲ, ಒಂದು ಸಣ್ಣ ಮಾತು. ಮೇನ್ ಬ್ರಾಂಚ್ ಮೈಗ್ರೇಟ್ ಆಗಿ, ಪಕ್ಕದ ಬ್ರಾಂಚ್ ಇನ್ನೂ ಹಳೇದರಲ್ಲೇ ಇದ್ದರೆ ನೇರ ಮರ್ಜ್ ಮಾಡಬೇಡಿ. ಪಕ್ಕದ್ದನ್ನು ಮೊದಲು ಮೈಗ್ರೇಟ್ ಮಾಡಿ, ಆಮೇಲೆ ಮರ್ಜ್.

ಹಳೇಫೈಲು

ಎನ್‌ಎಸ್ ಯುಆರ್‌ಐ ಬದಲಿಸಿಲ್ಲ. ಬೈಯಬೇಡಿ. ಎಲ್ಲ ಕಡೆ ಇಂಪೋರ್ಟ್ ಬದಲಾಯಿಸಬೇಕಾಗುತ್ತದೆ ಅಂತ ಯಾರೋ ಹೇಳಿದರು, ಬಿಟ್ಟುಬಿಟ್ಟೆವು.

ಲೇಬಲ್ ಇದ್ದರೆ ಹಳೇ ಫೈಲು, ನೇಮ್ ಇದ್ದರೆ ಹೊಸದು ಅಂತ ಗುರುತಿಸಬಹುದಲ್ಲ?

ನಿಧಾನಿ

ಬೈಯುವುದಿಲ್ಲ. ಆದರೆ ಅದು ಫೈಲಿನ ನೆತ್ತಿಯ ಮೇಲಿರುವ ವಿಳಾಸ. ಯಾವ ಮೆಟಾಮಾಡೆಲ್‌ನಿಂದ ಬಂತು ಅಂತ ಫೈಲು ತಾನೇ ಹೇಳುವ ಜಾಗ ಅದೊಂದೇ. ಎಡಾಪ್ಟ್ ಕೂಡ ಅದನ್ನು ನೋಡಿಯೇ ಯಾವ ವರ್ಷನ್‌ನಿಂದ ಶುರುಮಾಡಬೇಕು ಅಂತ ತಿಳಿಯುತ್ತದೆ. ಎರಡು ವರ್ಷನ್‌ಗೂ ಒಂದೇ ಯುಆರ್‌ಐ ಇಟ್ಟರೆ, ಎರಡು ಮನೆಗೆ ಒಂದೇ ಬಾಗಿಲ ಸಂಖ್ಯೆ ಬರೆದ ಹಾಗೆ.

ಲೇಬಲ್ ನೋಡಿ ಗುರುತಿಸುವ ಉಪಾಯ ಸದ್ಯಕ್ಕೆ ನಡೆಯಬಹುದು. ಆದರೆ ನೀವು ಹೇಳಿದ ಮೂರು ಬದಲಾವಣೆಗಳ ಬಗ್ಗೆ ನನಗೆ ಅಷ್ಟು ಚಿಂತೆ ಇಲ್ಲ. ಅವು ಕೂಗುವ ಬದಲಾವಣೆಗಳು. ಫೈಲು ತೆರೆಯಲಿಲ್ಲ, ನೀವು ಇಲ್ಲಿಗೆ ಬಂದಿರಿ. ಕೂಗದೇ ಇರುವುದು ಏನಿದೆ ಅಂತ ಹುಡುಕಿ. ಮುಖ್ಯವಾಗಿ ಡೀಫಾಲ್ಟ್ ವ್ಯಾಲ್ಯೂ ಯಾವುದಾದರೂ ಬದಲಾಗಿದೆಯಾ? ಎನಮ್‌ಗಳ (ಆಯ್ಕೆಗೆ ಇಟ್ಟ ವ್ಯಾಲ್ಯೂಗಳ ಸಿದ್ಧ ಪಟ್ಟಿ) ಕ್ರಮ?

ಹಳೇಫೈಲು

ಎನಮ್ ಏನೂ ಬದಲಾಗಿಲ್ಲ. ‘ಪ್ರಯಾರಿಟಿ’ ಅಂತ ಒಂದಿದೆ, ಅದೇ ಮೂರು ವ್ಯಾಲ್ಯೂ: ಲೋ, ನಾರ್ಮಲ್, ಹೈ. ಒಬ್ಬರು ಈಚೆಗೆ ಅಕ್ಷರ ಕ್ರಮದಲ್ಲಿ ಜೋಡಿಸಿದ್ದಾರೆ ಅಷ್ಟೇ. ಎಕ್ಸ್‌ಎಂಐನಲ್ಲಿ ಹೆಸರೇ ಬರೆದಿರುತ್ತದೆ, ನಂಬರ್ ಅಲ್ಲ. ಅದರಿಂದ ಏನೂ ಆಗುವುದಿಲ್ಲ ಅಲ್ವಾ?

ನಿಧಾನಿ

ಅಯ್ಯೋ.

ಹೆಸರೇ ಬರೆದಿರುತ್ತದೆ, ನಿಜ. ಬರೆದಿದ್ದರೆ! ಇಎಂಎಫ್ ಡೀಫಾಲ್ಟ್ ವ್ಯಾಲ್ಯೂವನ್ನು ಫೈಲಿಗೆ ಬರೆಯುವುದೇ ಇಲ್ಲ. ಎನಮ್‌ಗೆ ನೀವು ಬೇರೆ ಡೀಫಾಲ್ಟ್ ಕೊಡದಿದ್ದರೆ ಪಟ್ಟಿಯಲ್ಲಿ ಮೊದಲಿರುವುದೇ ಡೀಫಾಲ್ಟ್. ಮೊದಲು ‘ಲೋ’ ಮೊದಲಿತ್ತು. ಹಾಗಾಗಿ ಹಳೇ ಫೈಲುಗಳಲ್ಲಿ ಪ್ರಯಾರಿಟಿ ಬರೆಯದೇ ಇರುವ ಟ್ರಾನ್ಸಿಷನ್ ಎಲ್ಲ ಲೋ. ಇಂಗ್ಲಿಷ್ ಅಕ್ಷರ ಕ್ರಮದಲ್ಲಿ ಈಗ ‘ಹೈ’ ಮೊದಲು ಬಂದಿರಬೇಕು. ಲೇಬಲ್, ಟ್ರಿಗರ್ ಎಲ್ಲ ಸರಿಮಾಡಿ ಅದೇ ಫೈಲನ್ನು ಹೊಸ ಟೂಲ್‌ನಲ್ಲಿ ತೆರೆದರೆ ಅಷ್ಟೂ ಟ್ರಾನ್ಸಿಷನ್ ಹೈ ಆಗುತ್ತವೆ. ಎರರ್ ಇಲ್ಲ, ವಾರ್ನಿಂಗ್ ಇಲ್ಲ, ಪ್ರಯಾರಿಟಿ ಬಗ್ಗೆ ಫೈಲಿನಲ್ಲಿ ಒಂದಕ್ಷರವೂ ಬದಲಾಗಿಲ್ಲ.

ಒಂದು ಹಳೇ ಮಾಡೆಲ್ ತೆಗೆದುಕೊಳ್ಳಿ. ಹಳೇ ಟೂಲ್‌ನಲ್ಲಿ ಸಿ ಕೋಡ್ ಜನರೇಟ್ ಮಾಡಿ. ಮೈಗ್ರೇಟ್ ಮಾಡಿ ಹೊಸ ಟೂಲ್‌ನಲ್ಲಿ ಮಾಡಿ. ಎರಡನ್ನೂ ಡಿಫ್ ಹಾಕಿ, ಎಲ್ಲಿ ವ್ಯತ್ಯಾಸ ಇದೆ ನೋಡಿ.

ಹಳೇಫೈಲು

ಹಾಕಿದೆ. ಹಣೆ ಚಚ್ಚಿಕೊಂಡೆ.

ಒಂದು ಪಂಪಿನ ಮಾಡೆಲ್. 14 ಟ್ರಾನ್ಸಿಷನ್‌ಗಳು. ‘ತುರ್ತು ನಿಲುಗಡೆ’ ಒಂದಕ್ಕೆ ಮಾತ್ರ ಪ್ರಯಾರಿಟಿ ಹೈ ಅಂತ ಬರೆದಿದೆ, ಉಳಿದ 13ಕ್ಕೆ ಏನೂ ಬರೆದಿಲ್ಲ. ಹಳೇ ಕೋಡ್‌ನಲ್ಲಿ ತುರ್ತು ನಿಲುಗಡೆಯ ಚೆಕ್ ಎಲ್ಲಕ್ಕಿಂತ ಮೇಲಿದೆ. ಹೊಸ ಕೋಡ್‌ನಲ್ಲಿ 14ನೂ ಹೈ, ಹಾಗಾಗಿ ಜನರೇಟರ್ ಫೈಲಿನಲ್ಲಿ ಬಂದ ಕ್ರಮವನ್ನೇ ಹಿಡಿದಿದೆ. ತುರ್ತು ನಿಲುಗಡೆ 11ನೇ ಸ್ಥಾನಕ್ಕೆ ಇಳಿದಿದೆ.

ಇದು ಮೊದಲು ಕಂಡಿದ್ದು ಡಿಫ್‌ನಲ್ಲಿ, ಯಂತ್ರದ ಮೇಲಲ್ಲ. ಅದೊಂದು ಸಮಾಧಾನ.

ನಿಧಾನಿ

ಇನ್ನೊಂದು ನೋಡಿ. ಮೈಗ್ರೇಟ್ ಆದ ಆ ಫೈಲನ್ನು ಹೊಸ ಟೂಲ್‌ನಲ್ಲಿ ತೆರೆದು ಸೇವ್ ಮಾಡಿ. ನಕಲಿನ ಮೇಲೆ ಮಾಡಿ, ಅಸಲಿನ ಮೇಲೆ ಬೇಡ. ಆಮೇಲೆ ಟೆಕ್ಸ್ಟ್ ಎಡಿಟರ್‌ನಲ್ಲಿ ತುರ್ತು ನಿಲುಗಡೆಯ ಸಾಲು ನೋಡಿ.

ಹಳೇಫೈಲು

‘ಪ್ರಯಾರಿಟಿ ಹೈ’ ಅನ್ನುವುದೇ ಮಾಯ. ಈಗ ಹೈ ಡೀಫಾಲ್ಟ್ ಆಗಿರುವುದರಿಂದ ಟೂಲ್ ಅದನ್ನು ಬರೆಯಲೇ ಇಲ್ಲ. 14 ಸಾಲುಗಳೂ ಒಂದೇ ಥರ ಕಾಣುತ್ತವೆ. ಯಾವುದು ಮೊದಲಿನಿಂದ ಹೈ, ಯಾವುದು ಲೋ ಆಗಿದ್ದು ಹೈ ಆಯಿತು ಅಂತ ಫೈಲು ನೋಡಿ ಹೇಳಲು ಸಾಧ್ಯವೇ ಇಲ್ಲ. ಬೇಲಿಯೇ ಎದ್ದು ಹೊಲ ಮೇಯ್ದಂತಾಯಿತು.

ಗಾಯದ ಮೇಲೆ ಬರೆ ಅಂದರೆ, ಹೊಸ ಟೂಲ್‌ನ ಪ್ರಿವ್ಯೂ ಅನ್ನು ಎರಡು ತಿಂಗಳಿಂದ ಒಂದಷ್ಟು ಜನ ಬಳಸುತ್ತಿದ್ದಾರೆ. ಅವರ ಹತ್ತಿರ 180ರಷ್ಟು ಫೈಲುಗಳಿವೆ. ಎಲ್ಲದರಲ್ಲೂ ನೇಮ್ ಇದೆ, ಲೇಬಲ್ ಇಲ್ಲ. ಎನಮ್ ಜೋಡಿಸಿದ್ದು ಈ ಎರಡು ತಿಂಗಳ ನಡುವೆ. ಅಂದರೆ ಕೆಲವು ಫೈಲುಗಳಲ್ಲಿ ‘ಬರೆದಿಲ್ಲ’ ಅಂದರೆ ಲೋ, ಕೆಲವುಗಳಲ್ಲಿ ಹೈ. ಯುಆರ್‌ಐ ಎಲ್ಲದಕ್ಕೂ ಒಂದೇ.

ಕೊಂಡಿತಪ್ಪಿತು

ನನ್ನ ಕಥೆ ಇದರ ಮುಂದೆ ಏನೂ ಅಲ್ಲ ಬಿಡಿ.

ಮೂರನೇಪದರ

ಮೊದಲು ಹಳೇ 600 ಫೈಲು ಉಳಿಸಿಕೊಳ್ಳೋಣ, ಅವು ಇನ್ನೂ ಕೆಟ್ಟಿಲ್ಲ. ಇಎಂಎಫ್‌ನಲ್ಲಿ ಸೇವ್ ಮಾಡುವಾಗ ‘ಕೀಪ್ ಡೀಫಾಲ್ಟ್ ಕಂಟೆಂಟ್’ ಅನ್ನುವ ಆಪ್ಷನ್ ಇದೆ. ಅದನ್ನು ಆನ್ ಮಾಡಿದರೆ ಡೀಫಾಲ್ಟ್ ವ್ಯಾಲ್ಯೂಗಳನ್ನೂ ಫೈಲಿಗೆ ಬರೆಯುತ್ತದೆ. ಹಳೇ ಟೂಲ್, ಹಳೇ ಮೆಟಾಮಾಡೆಲ್‌ನಲ್ಲೇ ಎಲ್ಲ ಫೈಲು ಲೋಡ್ ಮಾಡಿ, ಈ ಆಪ್ಷನ್ ಹಾಕಿ ಸೇವ್ ಮಾಡಿ. ಈಗ ಪ್ರತಿ ಟ್ರಾನ್ಸಿಷನ್‌ನಲ್ಲೂ ಲೋ ಅಂತ ಕಪ್ಪು ಬಿಳುಪಾಗಿ ಬರೆದಿರುತ್ತದೆ. ಮೈಗ್ರೇಶನ್ ಅದರ ಮೇಲೆ ಓಡಿಸಿ.

ಪ್ರಿವ್ಯೂ ಫೈಲುಗಳಿಗೆ ಗಿಟ್ ಒಂದೇ ಗತಿ. ಎನಮ್ ಬದಲಾದ ಕಮಿಟ್ ಗೊತ್ತಿದೆ ಅಲ್ವಾ? ಅದಕ್ಕಿಂತ ಮೊದಲಿನ ಮೆಟಾಮಾಡೆಲ್‌ನಲ್ಲಿ ಫೈಲಿನ ಆಗಿನ ರೂಪ ತೆರೆದು, ಮೇಲಿನ ಥರವೇ ಸೇವ್ ಮಾಡಿ. ಆಮೇಲೆ ಜನ ಮಾಡಿದ ತಿದ್ದುಪಡಿಗಳನ್ನು ಇಎಂಎಫ್ ಕಂಪೇರ್‌ನ ಮೂರು ಕಡೆಯ ಹೋಲಿಕೆಯಲ್ಲಿ ನೋಡಿ ಸೇರಿಸಿ. ಎನಮ್ ಬದಲಾದ ನಂತರ ತಿದ್ದದ ಫೈಲುಗಳಿಗೆ ಇಷ್ಟೂ ಬೇಡ. ತಿದ್ದಿದವುಗಳನ್ನು ಮಾತ್ರ ಮನುಷ್ಯರೇ ಕೂತು ನೋಡಬೇಕು.

ಹೊಸಬ2

ಈಗ ಗಲಾಟೆ ಯಾಕೆ ಅಂತ ಗೊತ್ತಾಯಿತು. ನಮ್ಮಲ್ಲಿ ಡೀಫಾಲ್ಟ್ ಬದಲಿಸಿದರೂ ಈಗಾಗಲೇ ಟೇಬಲ್‌ನಲ್ಲಿರುವ ಸಾಲುಗಳಲ್ಲಿ ವ್ಯಾಲ್ಯೂ ಬರೆದೇ ಇರುತ್ತದೆ.

ಟೈಮ್‌ಔಟ್‌ಗೆ ಏನು ಮಾಡಿದಿರಿ? ಸೊನ್ನೆ ಹಾಕಿಬಿಡಬಹುದಲ್ಲ?

ಮೂರನೇಪದರ

ಸೊನ್ನೆ ಹಾಕಿದರೆ ಫೈಲು ಹೊಸ ಮೆಟಾಮಾಡೆಲ್‌ಗೆ ಹೊಂದುತ್ತದೆ, ವ್ಯಾಲಿಡೇಶನ್ ಹಸಿರು ತೋರಿಸುತ್ತದೆ. ಆಮೇಲೆ ಯಾರೂ ತಿರುಗಿ ನೋಡುವುದಿಲ್ಲ. ಮೇಲಾಗಿ ಸೊನ್ನೆ ಅಂದರೆ ‘ಕಾಯಲೇ ಬೇಡ’ ಅಂತಲೂ ಆಗಬಹುದು, ‘ಎಷ್ಟು ಹೊತ್ತಾದರೂ ಕಾಯಿ’ ಅಂತಲೂ ಆಗಬಹುದು. ನಾನಾದರೆ ಖಾಲಿ ಬಿಡುತ್ತೇನೆ. ವ್ಯಾಲಿಡೇಶನ್ ಕೆಂಪು ತೋರಿಸಲಿ.

ಕೊಂಡಿತಪ್ಪಿತು

ಒಪ್ಪುವುದಿಲ್ಲ. 600 ಫೈಲು ಕೆಂಪಾದರೆ ಜನ ಕೆಂಪನ್ನೇ ನೋಡುವುದು ಬಿಡುತ್ತಾರೆ. ಒಂದು ವಾರದಲ್ಲಿ ಯಾರೋ ವ್ಯಾಲಿಡೇಶನ್ ಆಫ್ ಮಾಡುತ್ತಾರೆ. ಹಳೇ ಜನರೇಟರ್ ಟೈಮ್‌ಔಟ್ ಇಲ್ಲದೆ ಹೇಗೆ ನಡೆದುಕೊಳ್ಳುತ್ತಿತ್ತೋ ಅದಕ್ಕೆ ಸರಿಯಾದ ವ್ಯಾಲ್ಯೂ ಹಾಕಿ. ‘ಮೈಗ್ರೇಶನ್‌ನಲ್ಲಿ ತುಂಬಿದ್ದು’ ಅಂತ ಒಂದು ಅನೋಟೇಶನ್ ಕೂಡ ಸೇರಿಸಿ. ಯಾವ ಫೈಲನ್ನು ಮುಟ್ಟುತ್ತಾರೋ ಆಗ ಎಡಿಟರ್ ಅದನ್ನು ನೆನಪಿಸಲಿ.

ನಿಧಾನಿ

ಈ ವಿಷಯದಲ್ಲಿ ನಾನು ಕೊಂಡಿತಪ್ಪಿತು ಅವರ ಕಡೆ. ಹಳೇ ಮಾಡೆಲ್‌ನ ಅರ್ಥ ಅಂದರೆ ಹಳೇ ಜನರೇಟರ್ ಅದನ್ನು ಏನು ಮಾಡುತ್ತಿತ್ತೋ ಅದು. ಟ್ರಿಗರ್‌ಗೂ ಇದೇ ಮಾತು. ಸ್ಟ್ರಿಂಗ್‌ಗಳನ್ನು ಈವೆಂಟ್ ಮಾಡುವಾಗ ಯಾವ ಎರಡು ಸ್ಟ್ರಿಂಗ್ ಒಂದೇ ಈವೆಂಟ್ ಅಂತ ಹೇಗೆ ತೀರ್ಮಾನ ಮಾಡಿದಿರಿ?

ಈ ಪಾಡು ಸಾಫ್ಟ್‌ವೇರ್ ಚಿತ್ರಿಸುವ ಪ್ರಮಾಣಿತ ಭಾಷೆಯಾದ ಯುಎಂಎಲ್‌ಗೇ ತಪ್ಪಿಲ್ಲ ನೋಡಿ. ಯುಎಂಎಲ್ 1.4ರಲ್ಲಿ ಆಕ್ಟಿವಿಟಿ ಡಯಾಗ್ರಾಂ (ಕೆಲಸಗಳ ಹರಿವಿನ ಚಿತ್ರ) ಅಂದರೆ ಸ್ಟೇಟ್ ಮೆಷಿನ್‌ನ ಒಂದು ಬಗೆ ಆಗಿತ್ತು. 2ರಲ್ಲಿ ಅದನ್ನು ಬಿಡಿಸಿ, ಪೆಟ್ರಿ ನೆಟ್ ಥರ ಟೋಕನ್ ಹರಿಯುವ ಲೆಕ್ಕಕ್ಕೆ ತಂದರು. 2010ರ ಟ್ರಾನ್ಸ್‌ಫರ್ಮೇಶನ್ ಟೂಲ್ ಕಾಂಟೆಸ್ಟ್‌ನಲ್ಲಿ 1.4ರ ಆಕ್ಟಿವಿಟಿ ಡಯಾಗ್ರಾಂ ಅನ್ನು 2.2ಕ್ಕೆ ಮೈಗ್ರೇಟ್ ಮಾಡುವುದೇ ಒಂದು ಪಂದ್ಯ. ಬಾಕ್ಸ್‌ಗೆ ಬಾಕ್ಸ್, ಬಾಣಕ್ಕೆ ಬಾಣ ಹಾಕುವುದು ಸುಲಭ. ಆಬ್ಜೆಕ್ಟ್ ಫ್ಲೋ ಸ್ಟೇಟ್ (ಕೆಲಸಗಳ ನಡುವೆ ಹರಿಯುವ ವಸ್ತುವನ್ನು ತೋರಿಸುವ ಬಾಕ್ಸ್) ಅನ್ನುವುದನ್ನು ಹೊಸದರಲ್ಲಿ ಏನು ಮಾಡಬೇಕು ಅನ್ನುವುದಕ್ಕೆ ಒಂದಕ್ಕಿಂತ ಜಾಸ್ತಿ ಉತ್ತರ ಇತ್ತು. ಪಂದ್ಯದಲ್ಲಿ ಅದನ್ನೇ ಒಂದು ಹೆಚ್ಚುವರಿ ಸವಾಲಾಗಿ ಇಟ್ಟಿದ್ದರು.

ಹಳೇಫೈಲು

ಟ್ರಿಗರ್ ಬಗ್ಗೆ ಕೇಳಿದ್ದು ಒಳ್ಳೆಯದಾಯಿತು. ‘ಸ್ಟಾರ್ಟ್’ ಅಂತ ಮೂರು ಥರ ಬರೆದಿದ್ದಾರೆ. ಒಂದು ದೊಡ್ಡಕ್ಷರದಲ್ಲಿ, ಒಂದು ಸಣ್ಣಕ್ಷರದಲ್ಲಿ, ಒಂದಕ್ಕೆ ಕೊನೆಯಲ್ಲಿ ಒಂದು ಸ್ಪೇಸ್. ನಾನು ಮೂರನ್ನೂ ಒಂದೇ ಈವೆಂಟ್ ಮಾಡಿದ್ದೆ. ನೋಡಿದರೆ ಯಾರಾದರೂ ಹಾಗೇ ಮಾಡುತ್ತಾರೆ. ಹಳೇ ಜನರೇಟರ್ ಕೋಡ್ ತೆಗೆದು ನೋಡಿದೆ. ಅದು ಎಲ್ಲವನ್ನೂ ದೊಡ್ಡಕ್ಷರಕ್ಕೆ ತಂದು, ಸ್ಪೇಸ್ ಇದ್ದಲ್ಲಿ ಅಂಡರ್‌ಸ್ಕೋರ್ ಹಾಕುತ್ತದೆ. ಹಾಗಾಗಿ ಮೊದಲೆರಡು ಒಂದೇ ಈವೆಂಟ್, ಸ್ಪೇಸ್ ಇರುವುದು ಬೇರೆಯದೇ ಈವೆಂಟ್! ಆ ಟ್ರಾನ್ಸಿಷನ್ ನಾಲ್ಕು ವರ್ಷದಲ್ಲಿ ಒಮ್ಮೆಯೂ ನಡೆದಿಲ್ಲ. ಅದು ನಡೆಯದೇ ಇರುವುದನ್ನೇ ನಂಬಿ ಬೇರೆ ಮಾಡೆಲ್ ಬರೆದವರೂ ಇರಬಹುದು. ಸದ್ಯ ಎರಡಾಗಿಯೇ ಬಿಟ್ಟಿದ್ದೇನೆ, ಬಗ್ ಅಂತ ಬೇರೆ ಟಿಕೆಟ್ ಹಾಕಿದ್ದೇನೆ. ಮೈಗ್ರೇಶನ್‌ನಲ್ಲಿ ರಿಪೇರಿ ಬೆರೆಸುವುದು ಬೇಡ ಅನ್ನಿಸಿತು.

ಹಳೇಫೈಲು

ಹತ್ತು ದಿನ ಆಯಿತು, ಎಲ್ಲಿಗೆ ಬಂತು ಅಂತ ಹೇಳುತ್ತೇನೆ.

ಹಳೇ ಫೈಲುಗಳು ಮುಗಿದವು. ಡೀಫಾಲ್ಟ್ ಬರೆಸಿ, ಆಮೇಲೆ ಫ್ಲಾಕ್. ರೂಲ್ ನಾಲ್ಕೇ ಆದವು. ಪ್ರತಿ ಫೈಲಿಗೂ ಹಳೇ ಕೋಡ್, ಹೊಸ ಕೋಡ್ ಡಿಫ್ ಹಾಕುವ ಸ್ಕ್ರಿಪ್ಟ್ ರಾತ್ರಿ ಓಡುತ್ತದೆ. ಟೈಮ್‌ಔಟ್ ಸಾಲುಗಳನ್ನು ಬಿಟ್ಟರೆ ಡಿಫ್ ಖಾಲಿ ಬರಬೇಕು, ಬರುತ್ತಿದೆ. ಎನಮ್ ಕ್ರಮ ಮೊದಲಿನ ಥರ ಮಾಡಿದೆವು. ಡೀಫಾಲ್ಟ್ ‘ಲೋ’ ಅಂತ ಈಕೋರ್‌ನಲ್ಲೇ (ಮೆಟಾಮಾಡೆಲ್ ಫೈಲಿನಲ್ಲೇ) ಬರೆದೆವು, ಇನ್ನು ಯಾರು ಹೇಗೆ ಜೋಡಿಸಿದರೂ ಪರವಾಗಿಲ್ಲ. ಯುಆರ್‌ಐ ಕೊನೆಗೆ ವರ್ಷನ್ ಸೇರಿಸಿದೆವು. ಇಂಪೋರ್ಟ್ ಬದಲಿಸುವ ಕೆಲಸ ಅರ್ಧ ಗಂಟೆಯಲ್ಲಿ ಮುಗಿಯಿತು, ಇದಕ್ಕೇ ಹೆದರಿ ಕೂತಿದ್ದೆವು.

ಪ್ರಿವ್ಯೂ ಫೈಲುಗಳಲ್ಲಿ ಎನಮ್ ಬದಲಾದ ಮೇಲೆ ಸೇವ್ ಆದವು 41. ಅದರಲ್ಲಿ 32ಕ್ಕೆ ಗಿಟ್‌ನಲ್ಲಿ ಹಳೇ ರೂಪ ಸಿಕ್ಕಿತು. ಉಳಿದ 9 ಹೊಸದಾಗಿ ಬರೆದವು, ಹಿಂದಿನ ರೂಪವೇ ಇಲ್ಲ. ಬರೆದವರನ್ನೇ ಕೇಳಿದೆ. ‘ಪ್ರಯಾರಿಟಿನಾ? ನಾನು ಅದನ್ನು ಮುಟ್ಟಲೇ ಇಲ್ಲ’ ಅಂದರು ಒಬ್ಬರು. ಮುಟ್ಟಲಿಲ್ಲ ಅಂದರೆ ಲೋ ಅಂದುಕೊಂಡಿದ್ದರೋ, ತೆರೆಯ ಮೇಲೆ ಕಂಡ ಹೈ ನೋಡಿ ಸರಿ ಅಂದುಕೊಂಡರೋ, ಅವರಿಗೇ ನೆನಪಿಲ್ಲ.

ಕೊಂಡಿತಪ್ಪಿತು

ಆ ಒಂಬತ್ತರ ಡಯಾಗ್ರಾಂ ನೋಡಿದಿರಾ? ನಿಮ್ಮ ಎಡಿಟರ್ ಹೈ ಇರುವ ಬಾಣವನ್ನು ದಪ್ಪ ಗೆರೆಯಲ್ಲಿ ತೋರಿಸುವಂತಿದ್ದರೆ, ಬರೆದವರು ರಿವ್ಯೂಗೆ ಕಳಿಸಿದ ಸ್ಕ್ರೀನ್‌ಶಾಟ್‌ಗಳಲ್ಲಿ ಗೆರೆ ಹೇಗಿದೆ ನೋಡಿ. ಎಲ್ಲ ಬಾಣವೂ ದಪ್ಪ ಇದ್ದು ರಿವ್ಯೂ ಮಾಡಿದವರು ಏನಾದರೂ ಕೇಳಿದ್ದರೆ, ಉತ್ತರ ಅಲ್ಲೇ ಇರುತ್ತದೆ.

ಹಳೇಫೈಲು

ದಪ್ಪ ಗೆರೆ ಇದೆ! ರಿವ್ಯೂ ಕಾಮೆಂಟ್‌ಗಳನ್ನು ತೆಗೆದು ನೋಡುತ್ತಿದ್ದೇನೆ. ಮೊದಲನೆಯದರಲ್ಲೇ ಒಬ್ಬರು ಕೇಳಿದ್ದಾರೆ: ‘ಎಲ್ಲ ಬಾಣ ಯಾಕಿಷ್ಟು ದಪ್ಪ?’ ಕೆಳಗೆ ಉತ್ತರ: ‘ಹೊಸ ಟೂಲ್‌ನ ಸ್ಟೈಲ್ ಇರಬೇಕು.’

ಅದು ಲೋ. ಇನ್ನು ಎಂಟು.